ಹೊಸ ಕಿಟಕಿ, ಹಳೆಯ ಅಕ್ಷರ

ವಿಂಡೋಸ್ 10ರ ಕಾಲ ಮುಗಿಯಿತು. ಮನೆಯ ಕಂಪ್ಯೂಟರಿಗೂ ಅಂಗಡಿಯ ಕಂಪ್ಯೂಟರಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸುವ ಮುನ್ನ ಕನ್ನಡದಲ್ಲಿ ಕೆಲಸ ಮಾಡುವವರು ಮೊದಲು ನೋಡಿಕೊಳ್ಳಬೇಕಾದದ್ದು ಬೇರೆಯೇ ಒಂದಿದೆ.

ನಮ್ಮೂರಿನ ಬಸ್ ಸ್ಟ್ಯಾಂಡ್ ಎದುರಿಗಿರುವ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಲ ಬಂತೆಂದರೆ ನಿಲ್ಲಲೂ ಜಾಗವಿರುವುದಿಲ್ಲ. ಅವತ್ತು ಅಂಗಡಿಯವರು ಒಂದು ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದರು. ಹುಡುಗನ ಸೋದರಮಾವ ಪಕ್ಕದಲ್ಲಿ ನಿಂತು ತಮ್ಮ ಹೆಸರು ಇನ್ನೂ ಒಂದು ಸಾಲು ಮೇಲೆ ಬರಬೇಕೆಂದು ಹೇಳುತ್ತಿದ್ದರು. ಅಷ್ಟರಲ್ಲಿ ಪರದೆ ತುಂಬ ಒಂದು ಸೂಚನೆ ಬಂತು: ನಿಮ್ಮ ವಿಂಡೋಸ್ 10ಕ್ಕೆ ಇನ್ನು ಬೆಂಬಲವಿಲ್ಲ. ಅಂಗಡಿಯವರು ಅದನ್ನು ಓದದೆಯೇ ಮುಚ್ಚಿ, ಸೋದರಮಾವನನ್ನು ಒಂದು ಸಾಲು ಮೇಲಕ್ಕೇರಿಸಿದರು.

‘ದಿನಾ ಬರ್ತದೆ ಸಾರ್ ಇದು. ಸಿಸ್ಟಮ್ ಓಡ್ತಾ ಇದೆಯಲ್ಲ, ಯಾಕೆ ಮುಟ್ಬೇಕು?’ ಎಂದರು ನನ್ನ ಕಡೆ ತಿರುಗಿ.

ಅದೇ ಸೂಚನೆ ನನ್ನ ಮನೆಯ ಕಂಪ್ಯೂಟರಿನಲ್ಲೂ ಬಂದಿತ್ತು. ನಾನೂ ಓದದೆ ಮುಚ್ಚಿದ್ದೆ. ಹಾಗಾಗಿ ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ಆದರೆ ಅವರ ಪ್ರಶ್ನೆ ತಲೆಯಲ್ಲಿ ಉಳಿಯಿತು. ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು?

ಅಕ್ಟೋಬರ್ 14ರಂದು ಆದದ್ದೇನು?

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಇದೇ ಕೊನೆಯ ವಿಂಡೋಸ್, ಇನ್ನು ಮುಂದೆ ಬರುವುದೆಲ್ಲ ಇದಕ್ಕೇ ಸೇರುವ ಸುಧಾರಣೆ ಎಂದು ಮೈಕ್ರೋಸಾಫ್ಟ್‌ನ ಪ್ರತಿನಿಧಿಯೊಬ್ಬರು ಆಗ ಹೇಳಿದ್ದರು. ಆರು ವರ್ಷಗಳಲ್ಲಿ, 2021ರ ಅಕ್ಟೋಬರ್ 5ಕ್ಕೆ, ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆಫೀಸ್ 2016 ಮತ್ತು ಆಫೀಸ್ 2019ಕ್ಕೂ ಅದೇ ದಿನ ಕೊನೆಯಾಯಿತು.

ಬೆಂಬಲ ನಿಂತ ಮಾತ್ರಕ್ಕೆ ಕಂಪ್ಯೂಟರ್ ನಿಲ್ಲುವುದಿಲ್ಲ. ಮರುದಿನ ಬೆಳಗ್ಗೆ ಗುಂಡಿ ಒತ್ತಿದರೆ ಎಂದಿನಂತೆಯೇ ಶುರುವಾಗುತ್ತದೆ. ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದಕ್ಕೆ ಕಾರಣ ಅದೇ. ನಿಲ್ಲುವುದು ತಿಂಗಳು ತಿಂಗಳು ಬರುತ್ತಿದ್ದ ತೇಪೆಗಳು. ಕೋಟ್ಯಂತರ ಸಾಲುಗಳ ತಂತ್ರಾಂಶದಲ್ಲಿ ಕಳ್ಳ ನುಸುಳುವ ಬಿರುಕುಗಳು ಸಿಗುತ್ತಲೇ ಇರುತ್ತವೆ. ಬಿರುಕು ಕಂಡಾಗಲೆಲ್ಲ ಕಂಪನಿ ಮುಚ್ಚುತ್ತದೆ. ಇನ್ನು ಮುಂದೆ ಕಂಡ ಬಿರುಕು ಹಾಗೆಯೇ ಉಳಿಯುತ್ತದೆ.

ಉಳಿದರೆ ಏನಾಗುತ್ತದೆ ಎಂಬುದಕ್ಕೆ 2017ರ ವಾನಾಕ್ರೈ ಸಾಕ್ಷಿ. ಆ ವರ್ಷದ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ತೇಪೆ ಕೊಟ್ಟಿತು. ಹಾಕಿಕೊಳ್ಳದವರು ಬಹಳ ಮಂದಿ. ಎರಡು ತಿಂಗಳು ತುಂಬುವ ಮೊದಲೇ, ಮೇ 12ರಂದು, ಅದೇ ಬಿರುಕಿನಿಂದ ನುಗ್ಗಿದ ವಾನಾಕ್ರೈ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. 2014ರಲ್ಲೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಕಂಪನಿ ತರಾತುರಿಯಲ್ಲಿ ತೇಪೆ ಕೊಟ್ಟಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನೊಂದು ನಿಧಾನದ ಪೆಟ್ಟೂ ಇದೆ. ಆಪರೇಟಿಂಗ್ ಸಿಸ್ಟಂ ಹಳತಾದರೆ ಕೆಲವು ವರ್ಷಗಳಲ್ಲಿ ಬ್ರೌಸರ್‌ಗಳೂ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿದಿತ್ತು. 2023ರಲ್ಲಿ ಕ್ರೋಮ್ ಕೂಡ ಅದನ್ನು ಬಿಟ್ಟಿತು. ಬ್ರೌಸರ್ ಹಳತಾದ ಮೇಲೆ ಬ್ಯಾಂಕಿನ ಪುಟ, ಜಿಎಸ್‌ಟಿ ಪುಟ ಒಂದೊಂದೇ ಮುನಿಸಿಕೊಳ್ಳತೊಡಗುತ್ತವೆ. ಓಡುವ ಗಾಡಿ ನಿಲ್ಲುವುದು ಹೀಗೆ.

ಮನೆಯದು ಬೇಡವೆಂದಿತು, ಅಂಗಡಿಯದು ಒಪ್ಪಿತು

ಒಂದು ಭಾನುವಾರ ಎರಡೂ ಕಂಪ್ಯೂಟರ್‌ಗಳನ್ನು ಪರೀಕ್ಷೆ ಮಾಡಿದೆ. ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡರೆ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಆಗುತ್ತದೋ ಇಲ್ಲವೋ ಎಂದು ಅದೇ ಹೇಳುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಎಂಬ ಷರತ್ತುಗಳು ದೊಡ್ಡವೇನಲ್ಲ. ಜನ ಮುಗ್ಗರಿಸುವುದು ಬೇರೆ ಎರಡು ಕಡೆ.

ಒಂದು, ಪ್ರೊಸೆಸರ್. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಎಎಂಡಿಯಾದರೆ ರೈಜನ್ 2000 ಸಾಲಿನದು ಅಥವಾ ಆಮೇಲಿನದು. ಅಂದರೆ 2017ಕ್ಕಿಂತ ಮೊದಲು ಕೊಂಡ ಯಂತ್ರ ಎಷ್ಟೇ ಚುರುಕಾಗಿದ್ದರೂ ಹೊರಗೆ. ಎರಡು, ಟಿಪಿಎಂ 2.0. ಇದು ಬೀಗದ ಕೈಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಒಂದು ಸಣ್ಣ ತಿಜೋರಿ. ಕೆಲವು ಯಂತ್ರಗಳಲ್ಲಿ ಬೇರೆ ಚಿಪ್ಪಾಗಿ ಇರುತ್ತದೆ, ಹಲವುಗಳಲ್ಲಿ ಪ್ರೊಸೆಸರ್ ಒಳಗೇ ಇರುತ್ತದೆ. ಕಂಪ್ಯೂಟರ್ ಏಳುವ ಮೊದಲೇ ಕಳ್ಳ ತಂತ್ರಾಂಶ ಒಳಗೆ ಬಂದು ಕೂತಿದೆಯೇ ಎಂದು ಪತ್ತೆ ಮಾಡಲೂ ಇದು ನೆರವಾಗುತ್ತದೆ.

ನನ್ನದು 2016ರಲ್ಲಿ ಕೊಂಡದ್ದು. ಮೊದಲ ಸುತ್ತಿನಲ್ಲೇ ಫೇಲು. ಅಂಗಡಿಯದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಎಂಟನೇ ತಲೆಮಾರಿನದು. ಅದರಲ್ಲೂ ಮೊದಲು ‘ಟಿಪಿಎಂ ಇಲ್ಲ’ ಎಂದೇ ಬಂತು. ಕಂಪ್ಯೂಟರ್ ಏಳುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ನೋಡಿದರೆ ತಿಜೋರಿ ಇದೆ, ಯಾರೋ ಆಫ್ ಮಾಡಿಟ್ಟಿದ್ದಾರೆ. ಆನ್ ಮಾಡಿದ ಮೇಲೆ ಹಸಿರು ಗುರುತು ಬಂತು. ‘ನನ್ನ ಕಂಪ್ಯೂಟರ್‌ಗೆ ಬರೋದಿಲ್ಲ’ ಎಂದು ಕೈಚೆಲ್ಲುವ ಮೊದಲು ಇದೊಂದನ್ನು ನೋಡಿ.

ಅಸಲಿ ಪರವಾನಗಿಯ ವಿಂಡೋಸ್ 10 ಇದ್ದವರಿಗೆ 11 ಉಚಿತ. ಯಂತ್ರ ಒಪ್ಪದವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ವಾಯಿದೆ ಕೊಟ್ಟಿತು. ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಬರುತ್ತವೆ ಎಂದು ಘೋಷಿಸಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್‌ಗೆ ಬಿಟ್ಟವರಿಗೆ ಇದಕ್ಕೆ ದುಡ್ಡಿಲ್ಲ. ಬೇಡವೆಂದರೆ 30 ಡಾಲರ್. ಕಂಪನಿಗಳ ಲೆಕ್ಕವೇ ಬೇರೆ. ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ಹತ್ತಾರು ಸಾವಿರಕ್ಕೆ ತಂದ ಹಳೆಯ ಯಂತ್ರಕ್ಕೆ ಈ ಖರ್ಚು ಮೂಗಿಗಿಂತ ಮೂಗುತಿ ಭಾರ.

‘ಸಿ ಡ್ರೈವ್ ಮಾತ್ರ ತಾನೆ?’

ಅಂಗಡಿಯ ಯಂತ್ರ ಒಪ್ಪಿತಲ್ಲ, ಇವತ್ತೇ ಹಾಕಿಬಿಡೋಣ ಎಂದರು ಅಂಗಡಿಯವರು. ಬೇಡ ಎಂದೆ. ಅದಕ್ಕೊಂದು ಕಥೆಯಿದೆ.

ಬಹಳ ವರ್ಷಗಳ ಹಿಂದೆ, ಎಕ್ಸ್‌ಪಿ ತೆಗೆಸಿ ವಿಂಡೋಸ್ 7 ಹಾಕಿಸಲು ಮನೆಯ ಕಂಪ್ಯೂಟರನ್ನು ಸರ್ವಿಸ್ ಅಂಗಡಿಯೊಂದಕ್ಕೆ ಹೊತ್ತೊಯ್ದಿದ್ದೆ. ಹುಡುಗ ಕೇಳಿದ: ‘ಫಾರ್ಮ್ಯಾಟ್ ಹೊಡೀಬೇಕು. ಸಿ ಡ್ರೈವ್ ಮಾತ್ರ ತಾನೆ ಸಾರ್?’ ಹೂಂ ಎಂದೆ. ಮುಖ್ಯವಾದದ್ದೆಲ್ಲ ಡಿ ಡ್ರೈವ್‌ನಲ್ಲಿದೆ ಎಂಬ ಧೈರ್ಯ. ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲುಗಳು ಇರುವುದೇ ಸಿ ಡ್ರೈವ್‌ನಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ನಿವೃತ್ತ ಮೇಷ್ಟ್ರಾಗಿದ್ದ ನಮ್ಮ ಅಪ್ಪ ಎರಡು ವರ್ಷ ಕೂತು ಟೈಪ್ ಮಾಡಿದ್ದ ನೆನಪುಗಳ ಫೈಲು ಡೆಸ್ಕ್‌ಟಾಪ್ ಮೇಲಿತ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳಾದ ಮೇಲೆ ಒಂದು ಹಳೆಯ ಪೆನ್ ಡ್ರೈವ್‌ನಲ್ಲಿ ಆ ಫೈಲಿನ ಅರ್ಧದಷ್ಟರ ಪ್ರತಿ ಸಿಕ್ಕಿತು. ಖುಷಿಯಿಂದ ತೆರೆದರೆ ಒಳಗೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿದ್ದ ಕನ್ನಡ

ಆ ಸಂತೆಯ ಗುಟ್ಟು ಗೊತ್ತಾದದ್ದು ಆಮೇಲೆ. ಕನ್ನಡದಲ್ಲಿ ಟೈಪ್ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಗುಟ್ಟು ಅದು.

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ತಮ್ಮದೇ ಸಂಖ್ಯೆಗಳಿರಲಿ ಎಂದು ಹುಟ್ಟಿದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಇತ್ತು. ಆದರೆ ಕಂಪ್ಯೂಟರ್‌ಗಳಿಗೆ ಅದು ಗೊತ್ತಿರಲಿಲ್ಲ. ವಿಂಡೋಸ್ ಕನ್ನಡವನ್ನು ಗುರುತಿಸಿದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನ ಜೊತೆ. ಅದನ್ನೂ ಚಾಲೂ ಮಾಡಲು ಹೋದರೆ ವಿಂಡೋಸ್ ಸಿಡಿ ಹಾಕು ಎನ್ನುತ್ತಿತ್ತು. ನಮ್ಮಲ್ಲಿ ಬಹುತೇಕರ ಹತ್ತಿರ ಸಿಡಿಯೇ ಇರಲಿಲ್ಲ.

ಅಲ್ಲಿಯವರೆಗೆ ಕಾಯದೆ ಕನ್ನಡಿಗರು ತಾವೇ ದಾರಿ ಮಾಡಿಕೊಂಡಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ ರೂಪಿಸಿತು. ಕೆ.ಪಿ. ರಾವ್ ಅವರ ತರ್ಕದ ಕೀಲಿಮಣೆ ನುಡಿಯ ಮೂಲಕ ಕಚೇರಿ ಕಚೇರಿಗೆ ತಲುಪಿತು. ಆ ಕಾಲದ ಫಾಂಟುಗಳ ಉಪಾಯ ಸರಳವಾಗಿತ್ತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸುವುದು. ನುಡಿಯ ಹಳೆಯ ಫಾಂಟಿನಲ್ಲಿ ನೀವು ‘ಕ’ ಎಂದು ನೋಡುವುದು ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ‘ಪಿ’, ಪಕ್ಕದಲ್ಲಿ ತಲೆಗೆರೆ ಹೊತ್ತ ಒಂದು ‘ಎ’. ಫಾಂಟ್ ಇರುವತನಕ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ.

ಇದು ಆಗಿನ ಬಡತನದಲ್ಲಿ ತೋರಿದ ಜಾಣತನ. ಹತ್ತಾರು ವರ್ಷಗಳ ಕನ್ನಡ ಪುಸ್ತಕೋದ್ಯಮ, ಪತ್ರಿಕೆ, ಸರ್ಕಾರಿ ಕಡತ ಎಲ್ಲವೂ ಈ ಬಾಡಿಗೆ ಮನೆಯಲ್ಲೇ ಬೆಳೆದವು. ಈ ದಾರಿ ಬಿಟ್ಟು ಯೂನಿಕೋಡ್‌ಗೆ ಬರಬೇಕಾಗಿತ್ತು. ಮನೆಗಳಲ್ಲಿ, ಮೊಬೈಲುಗಳಲ್ಲಿ ಬಂದೆವು. ಅಂಗಡಿಗಳಲ್ಲಿ ಪೂರ್ತಿ ಬರಲಿಲ್ಲ. ಕಾರಣ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್. 2001ರ 7ನೇ ಆವೃತ್ತಿಯೇ ಅದರ ಕೊನೆಯದು. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಆದರೂ ಲಗ್ನಪತ್ರಿಕೆಯಿಂದ ಕವನ ಸಂಕಲನದವರೆಗೆ ಎಲ್ಲವನ್ನೂ ಅದರಲ್ಲೇ ಕಟ್ಟುವ ಕೈಗಳು ಇನ್ನೂ ಇವೆ, ಬೆರಳುಗಳಿಗೆ ಅದರ ದಾರಿ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ಅಂಗಡಿಯವರ ಹಾರ್ಡ್ ಡಿಸ್ಕ್‌ನಲ್ಲಿ ಹದಿನಾಲ್ಕು ವರ್ಷಗಳ ಫೈಲುಗಳಿದ್ದವು. ಊರಿನ ಅರ್ಧ ಮದುವೆಗಳು, ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆ, ಹೈಸ್ಕೂಲಿನ ಸುವರ್ಣ ಮಹೋತ್ಸವದ ಪುಸ್ತಕ, ತೀರಿಹೋದ ಇಬ್ಬರು ಸ್ಥಳೀಯ ಲೇಖಕರ ಪುಸ್ತಕಗಳು. ಎಲ್ಲವೂ ನುಡಿಯ ಹಳೆಯ ಫಾಂಟಿನಲ್ಲಿ. ಹೊಸ ವಿಂಡೋಸ್ ಹಾಕಿದ ಮೇಲೂ ಫಾಂಟ್ ಹಾಕಿಕೊಂಡರೆ ಕಾಣುತ್ತವೆ ನಿಜ. ಇನ್ನೊಂದು ಹತ್ತು ವರ್ಷದ ಮೇಲೆ ಆ ಫಾಂಟ್ ಯಾರ ಹತ್ತಿರ ಇರುತ್ತದೆ?

ಆದ್ದರಿಂದ ಪರಿವರ್ತನೆ ಮೊದಲು, ವಿಂಡೋಸ್ ಆಮೇಲೆ ಎಂದು ತೀರ್ಮಾನಿಸಿದೆವು. ಬರಹ, ನುಡಿ ಎರಡರಲ್ಲೂ ಪರಿವರ್ತಕಗಳಿವೆ. ಪೇಜ್‌ಮೇಕರ್‌ನಿಂದ ಪಠ್ಯ ಹೊರತೆಗೆದು ಪರಿವರ್ತಕಕ್ಕೆ ಕೊಟ್ಟರೆ ಯೂನಿಕೋಡ್ ಆಗಿ ಬರುತ್ತದೆ. ಬಂದದ್ದನ್ನು ಹಾಗೆಯೇ ನಂಬುವಂತಿಲ್ಲ. ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿರುತ್ತದೆ. ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಕಣ್ಣಿಡಬೇಕು. ಸೊನ್ನೆಯ ಗೊಂದಲ ಬೇರೆ. ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿದ್ದರೆ ನೋಡಲು ಎರಡೂ ಒಂದೇ, ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ. ಮತ್ತೆ ಪುಟ ಕಟ್ಟಲು ಇನ್‌ಡಿಸೈನ್ ಬಳಸುವವರು ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ದುಡ್ಡಿಲ್ಲದೆ ಸಿಗುವ ಸ್ಕ್ರೈಬಸ್‌ನ ಈಚಿನ ಆವೃತ್ತಿಗಳಿಗೂ ಕನ್ನಡ ಬರುತ್ತದೆ.

ಸ್ಮರಣ ಸಂಚಿಕೆಯ ಪಠ್ಯ ಯೂನಿಕೋಡ್ ಆದ ದಿನ ಅಂಗಡಿಯವರು ಒಂದು ಕೆಲಸ ಮಾಡಿದರು. ಹುಡುಕುವ ಜಾಗದಲ್ಲಿ ತಮ್ಮ ತಂದೆಯ ಹೆಸರು ಬರೆದರು. ದಾನಿಗಳ ಪಟ್ಟಿಯಲ್ಲಿ, ನೂರಾ ಹನ್ನೊಂದನೇ ಪುಟದಲ್ಲಿ, ಹೆಸರು ಸಿಕ್ಕಿತು. ‘ಇಷ್ಟು ವರ್ಷ ಇದನ್ನ ಹುಡುಕೋಕೇ ಆಗ್ತಿರಲಿಲ್ವಲ್ಲ ಸಾರ್’ ಎಂದರು.

ಕಚೇರಿಯಲ್ಲಿ ಆತುರ ಬೇಡ

ಕೆಲಸದ ಜಾಗದಲ್ಲಿ ಆಪರೇಟಿಂಗ್ ಸಿಸ್ಟಂ ಬದಲಿಸುವುದು ಎಂದರೆ ಅದಕ್ಕೆ ನೇತುಬಿದ್ದಿರುವ ಎಲ್ಲವನ್ನೂ ಅಲುಗಾಡಿಸುವುದು. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಎಲ್ಲಕ್ಕೂ ಡ್ರೈವರ್ ಬೇಕು. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ. ಯಾವುದೋ ಕಾಲದಲ್ಲಿ ಯಾರೋ ಬರೆದುಕೊಟ್ಟ ಡಾಸ್ ಕಾಲದ ಲೆಕ್ಕದ ತಂತ್ರಾಂಶವನ್ನು 32 ಬಿಟ್‌ನ ವಿಂಡೋಸ್ 10ರಲ್ಲಿ ಇನ್ನೂ ಓಡಿಸುತ್ತಿರುವ ಸಹಕಾರ ಸಂಘವೋ ಕಿರಾಣಿ ಮಂಡಿಯೋ ಇದ್ದರೆ ಅವರು ಮೊದಲೇ ಎಚ್ಚರವಾಗಬೇಕು. 1986ರಲ್ಲಿ ಹುಟ್ಟಿದ ಬೆಂಗಳೂರಿನ ಟ್ಯಾಲಿಯನ್ನೇ ಬಳಸುವವರೂ ತಮ್ಮದು ಯಾವ ಆವೃತ್ತಿ ಎಂದು ನೋಡಿ, ಡೇಟಾ ಬ್ಯಾಕಪ್ ತೆಗೆದು ಮುಂದುವರಿಯುವುದು ಲೇಸು.

ದಿನವನ್ನೂ ನೋಡಬೇಕು. ಪಂಚಾಂಗದಲ್ಲಲ್ಲ, ಜಿಎಸ್‌ಟಿ ಕ್ಯಾಲೆಂಡರಿನಲ್ಲಿ. ತಿಂಗಳ 11 ಮತ್ತು 20ನೇ ತಾರೀಖಿನ ರಿಟರ್ನ್ ಸಲ್ಲಿಸುವವರು ಆ ದಿನಗಳ ನಡುವೆ ಕಂಪ್ಯೂಟರ್ ಬಿಚ್ಚಿ ಕೂರಬಾರದು. ಹತ್ತು ಕಂಪ್ಯೂಟರ್‌ಗಳಿದ್ದರೆ ಮೊದಲು ಒಂದಕ್ಕೆ ಹಾಕಿ. ಒಂದು ವಾರ ಅದರಲ್ಲಿ ಬಿಲ್ಲು, ಪ್ರಿಂಟು, ಸಹಿ ಎಲ್ಲ ನಡೆಯಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನಾಗಬಹುದೆಂದು 2024ರ ಜುಲೈ 19 ತೋರಿಸಿಕೊಟ್ಟಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಹಳೆಯದರಲ್ಲೇ ಕೂರುವುದು ಅಪಾಯವಾದರೆ ಹೊಸದಕ್ಕೆ ಕಣ್ಣುಮುಚ್ಚಿ ಧುಮುಕುವುದೂ ಅಪಾಯವೇ.

ಮನೆಯಲ್ಲಿ ಎಚ್ಚರ ವಹಿಸಬೇಕಾದದ್ದು ಬೀಗದ ವಿಷಯದಲ್ಲಿ. ಈಚಿನ ವಿಂಡೋಸ್ 11 ಅನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ, ಹಲವು ಯಂತ್ರಗಳಲ್ಲಿ ಡಿಸ್ಕ್‌ಗೆ ತಾನೇ ಬೀಗ ಬೀಳುತ್ತದೆ. ಮುಂದೊಂದು ದಿನ ರಿಪೇರಿಯಾದಾಗ ಅದು 48 ಅಂಕಿಗಳ ಕೀಲಿ ಕೇಳಬಹುದು. ಕೀಲಿ ಇರುವುದು ಆ ಖಾತೆಯಲ್ಲಿ. ಸರ್ವಿಸ್ ಹುಡುಗ ತನ್ನದೇ ಇಮೇಲ್ ಹಾಕಿ ಖಾತೆ ತೆರೆದುಕೊಟ್ಟಿದ್ದರೆ ನಿಮ್ಮ ಮನೆಯ ಕೀಲಿ ಅವನ ಹತ್ತಿರ ಇದ್ದಂತೆ. ನಿಮ್ಮದೇ ಖಾತೆ ಇರಲಿ. ಕೀಲಿಯನ್ನು ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ವಿಂಡೋಸ್ 10ರಿಂದ ಹಾಗೇ ಮೇಲೇರಿಸಿಕೊಂಡವರಿಗೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ ಹತ್ತು ದಿನ ಅವಕಾಶವಿರುತ್ತದೆ. ಆ ಹತ್ತು ದಿನದೊಳಗೆ ಎಲ್ಲವನ್ನೂ ಒಮ್ಮೆ ಬಳಸಿ ನೋಡಬೇಕು.

ಬೇಡವಾದ ಯಂತ್ರಕ್ಕೆ ಎರಡನೇ ಜನ್ಮ

ಉಳಿದದ್ದು ನನ್ನ 2016ರ ಡೆಸ್ಕ್‌ಟಾಪ್. ಕಂಪನಿ ಬೇಡವೆಂದಿತು, ಆದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಇಂಥ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ. ಆ ರಾಶಿಗೆ ನನ್ನದೊಂದನ್ನು ಸೇರಿಸಲು ಮನಸ್ಸಾಗಲಿಲ್ಲ.

ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಲಿನಕ್ಸ್ ಮಿಂಟ್ ಹಾಕಿದೆ. ಬ್ರೌಸರ್, ಲಿಬ್ರೆ ಆಫೀಸ್, ಸಿನಿಮಾ, ಫೋಟೋ ಇಷ್ಟೇ ಸಾಕಾದ ಮನೆಗೆ ಅದು ಧಾರಾಳ. ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೂ ಅಲ್ಲಿ ಸಿಗುತ್ತದೆ. ಶಾಲೆಗಳಿಗೆ ಇದು ಹೊಸ ಸಾಹಸವೇನಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಎಷ್ಟೋ ವರ್ಷಗಳಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಯುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲೇ. ಆದರೆ ಟ್ಯಾಲಿ, ಪೇಜ್‌ಮೇಕರ್, ಫೋಟೋಶಾಪ್ ನಂಬಿ ಬದುಕುವವರಿಗೆ ಲಿನಕ್ಸ್ ಹೇಳುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಅವರಿಗೆ ವಿಂಡೋಸೇ ಇರಲಿ.

ನಿಜಕ್ಕೂ ಕೆಟ್ಟುಹೋದ ಯಂತ್ರವನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ದಾಬಸ್‌ಪೇಟೆಯಲ್ಲಿ 2005ರಿಂದ ಇರುವ ಇ-ಪರಿಸರದಂಥ ಅಧಿಕೃತ ಘಟಕಗಳಿವೆ. ಕೊಡುವ ಮುಂಚೆ ಡಿಸ್ಕ್ ಪೂರ್ತಿ ಅಳಿಸಿ ಅಥವಾ ತೆಗೆದಿಟ್ಟುಕೊಳ್ಳಿ. ಆಧಾರ್ ಪ್ರತಿಗಳು ಅದರಲ್ಲೇ ಇರುತ್ತವೆ.

ಅಂಗಡಿಯಲ್ಲಿ ಈಗ ವಿಂಡೋಸ್ 11 ಇದೆ. ಪೇಜ್‌ಮೇಕರ್ ಕೂಡ ಇದೆ; ಅವರು ಬಿಡಲಿಲ್ಲ, ನಾನು ಒತ್ತಾಯಿಸಲಿಲ್ಲ. ಪುಸ್ತಕಗಳ ಪಠ್ಯವೆಲ್ಲ ಯೂನಿಕೋಡ್ ಆಗಿ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿದೆ, ಒಂದು ಅಂಗಡಿಯಲ್ಲಿ, ಒಂದು ಅವರ ಮನೆಯಲ್ಲಿ. ಮದುವೆಗಳ ಕಡತ ಇನ್ನೂ ಮುಗಿದಿಲ್ಲ. ಅಪ್ಪನ ಅರ್ಧ ಫೈಲೂ ಪರಿವರ್ತನೆಯಾಗಿದೆ. ಉಳಿದರ್ಧವನ್ನು ಕೇಳಿ ಬರೆದುಕೊಳ್ಳಲು ಈಗ ಅಪ್ಪ ಇಲ್ಲ.

ಆಪರೇಟಿಂಗ್ ಸಿಸ್ಟಂ ಇಂದಲ್ಲ ನಾಳೆ ಮತ್ತೆ ಬದಲಾಗುತ್ತದೆ, ಕಂಪನಿಯವರು ನೆನಪಿಸುತ್ತಲೇ ಇರುತ್ತಾರೆ. ನಿಮ್ಮ ಫೈಲುಗಳನ್ನು ಯಾರೂ ನೆನಪಿಸುವುದಿಲ್ಲ. ಈ ಭಾನುವಾರ ಮಾಡಬೇಕಾದದ್ದು ಎರಡೇ: ಡೆಸ್ಕ್‌ಟಾಪ್ ಮೇಲೆ ಇರುವುದನ್ನೂ ಸೇರಿಸಿ ಎಲ್ಲದರ ಒಂದು ಪ್ರತಿ ಹೊರಗಿನ ಡಿಸ್ಕ್‌ಗೆ ಹಾಕಿ; ಹಳೆಯ ಫಾಂಟಿನಲ್ಲಿರುವ ನಿಮ್ಮ ಮನೆಯ ಕನ್ನಡವನ್ನು ಯೂನಿಕೋಡ್‌ಗೆ ತನ್ನಿ. ಆಮೇಲೆ ಯಾವ ವಿಂಡೋಸ್ ಬೇಕಾದರೂ ಹಾಕಿಸಿಕೊಳ್ಳಿ.